ಪಬ್ಬಿನ ಮೂಲೆಯಿಂದ ಥ್ಯಾಂಕ್ಸ್: ಡಾಕ್ಟರ್ ಫೀಲ್‌ಗುಡ್‌ಗೂ, ಅವರ ಹಾಡಿಗೆ ಜಾಗ ಕೊಟ್ಟವರಿಗೂ

ಡಾಕ್ಟರ್ ಫೀಲ್‌ಗುಡ್ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡಿನ ‘ಸ್ಟುಪಿಡಿಟಿ’ ಆಲ್ಬಂಗೆ 50 ತುಂಬುವ ನೆಪದಲ್ಲಿ ಬೆಂಗಳೂರಿನ ಪಬ್ಬೊಂದರಲ್ಲಿ ಇಟ್ಟುಕೊಂಡಿದ್ದ ಅವರ ಹಾಡುಗಳ ಸಂಜೆ ಚೆನ್ನಾಗಿ ಮುಗಿಯಿತು. ಬಂದವರಿಗೆ, ಕುರ್ಚಿ ಸಾಲದೆ ನಿಂತೇ ಕೇಳಿದವರಿಗೆ ಮೊದಲ ನಮಸ್ಕಾರ. ಉಳಿದಂತೆ ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಅರ್ಧ ಜನ ಇಂಗ್ಲೆಂಡಿನವರು, ಅವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಇನ್ನರ್ಧ ನಮ್ಮ ಊರಿನ ಎಲೆಕ್ಟ್ರಿಷಿಯನ್, ಸೌಂಡ್‌ನವರು, ಪಬ್ಬಿನ ಹುಡುಗರು. ಹೆಸರು ಹಾಕಬೇಡಿ ಅಂತ ಇಲ್ಲಿಯವರು ಹೇಳಿದ್ದರಿಂದ ಅವರ ಕೆಲಸವನ್ನಷ್ಟೇ ಬರೆಯುತ್ತೇವೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ, ಮುಂದೆ ಇಂಥದ್ದಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ.

ಈ ಬ್ಯಾಂಡಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ಎಸೆಕ್ಸ್ ಸೀಮೆಯಲ್ಲಿ ಕ್ಯಾನ್ವಿ ಐಲ್ಯಾಂಡ್ ಅಂತ ಒಂದು ತಗ್ಗು ದ್ವೀಪವಿದೆ. ಉಬ್ಬರ ಬಂದಾಗ ನೀರಿಗಿಂತ ನೆಲವೇ ಕೆಳಗೆ, ಸುತ್ತ ತಡೆಗೋಡೆ. 1953ರ ಜನವರಿ 31ರ ರಾತ್ರಿ ಸಮುದ್ರ ಒಳನುಗ್ಗಿ 58 ಜನ ಸತ್ತದ್ದು ಅಲ್ಲೇ. 1959ರಲ್ಲಿ ಅಮೆರಿಕದ ಲೂಸಿಯಾನಾದಿಂದ ದ್ರವರೂಪದ ನೈಸರ್ಗಿಕ ಅನಿಲ ಹೊತ್ತ ಮೊದಲ ಹಡಗು ಬಂದು ನಿಂತದ್ದೂ ಅಲ್ಲಿಗೇ. ಎಣ್ಣೆ ಟ್ಯಾಂಕು, ಕೊಳವೆ ತುದಿಯ ಬೆಂಕಿ, ಕೆಸರು, ಜೆಟ್ಟಿ. ಅಮೆರಿಕದ ಮಿಸಿಸಿಪ್ಪಿ ಡೆಲ್ಟಾದ ಕಪ್ಪು ಜನರ ಬ್ಲೂಸ್ ಸಂಗೀತದ ರೆಕಾರ್ಡುಗಳಿಗೆ ಮನಸೋತ ಆ ಊರಿನ ಹುಡುಗರು ತಮ್ಮ ಸೀಮೆಯನ್ನು ಥೇಮ್ಸ್ ಡೆಲ್ಟಾ ಅಂತ ಕರೆದುಕೊಂಡರು. ಅರ್ಧ ತಮಾಷೆ, ಅರ್ಧ ಹೆಮ್ಮೆ.

1971ರಲ್ಲಿ ಶುರುವಾದ ಈ ಬ್ಯಾಂಡಿಗೆ ಹೆಸರು ತಂದವರು ನಾಲ್ವರು. ಹಾಡಿಗೂ ಮೌತ್ ಆರ್ಗನ್‌ಗೂ ಲೀ ಬ್ರಿಲೋ, ಗಿಟಾರಿಗೆ ವಿಲ್ಕೋ ಜಾನ್ಸನ್, ಬೇಸ್‌ಗೆ ಜಾನ್ ಬಿ. ಸ್ಪಾರ್ಕ್ಸ್, ಡ್ರಮ್ಸ್‌ಗೆ ‘ಬಿಗ್ ಫಿಗರ್’ ಅನ್ನಿಸಿಕೊಂಡ ಜಾನ್ ಮಾರ್ಟಿನ್. ವಿಲ್ಕೋನ ನಿಜ ಹೆಸರೂ ಜಾನ್ ವಿಲ್ಕಿನ್ಸನ್. ನಾಲ್ವರಲ್ಲಿ ಮೂವರು ಜಾನ್ ಆದಮೇಲೆ ಅಡ್ಡಹೆಸರು ಇಡದೆ ಗತಿಯಿಲ್ಲ. ಈ ವಿಲ್ಕೋ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ನೆಲದ ದಾರಿಯಲ್ಲೇ ಭಾರತದವರೆಗೆ ಬಂದು, ವಾಪಸ್ ಹೋಗಿ ಬ್ಯಾಂಡ್ ಸೇರಿದ ಮನುಷ್ಯ. ಬ್ಯಾಂಡಿನ ಹೆಸರು ಪಿಯಾನೋ ರೆಡ್ ಎಂಬ ಅಮೆರಿಕದ ಹಿರಿಯ ಬ್ಲೂಸ್ ಗಾಯಕನ 1962ರ ಹಾಡಿನಿಂದ ಬಂದದ್ದು. ಅದೇ ಹಾಡನ್ನು ಇಂಗ್ಲೆಂಡಿನ ಜಾನಿ ಕಿಡ್ ಅಂಡ್ ದಿ ಪೈರೇಟ್ಸ್ ಕೂಡ ಹಾಡಿದ್ದರು. ಪೈರೇಟ್ಸ್‌ನ ಗಿಟಾರಿಸ್ಟ್ ಮಿಕ್ ಗ್ರೀನ್ ದ್ರೋಣನಾದರೆ ವಿಲ್ಕೋ ಏಕಲವ್ಯ: ರೆಕಾರ್ಡ್ ಕೇಳಿ ಕೇಳಿಯೇ ಕಲಿತದ್ದು, ಹೆಬ್ಬೆರಳು ಮಾತ್ರ ಉಳಿಸಿಕೊಂಡ.

ಆ ಕಾಲದ ಲಂಡನ್ ಪಬ್ ಮಾಲೀಕರಿಗೆ ನಮ್ಮ ಋಣ ಸಂದಾಯವಾಗಬೇಕು. 1971ರ ಮೇ ತಿಂಗಳಲ್ಲಿ ಎಗ್ಸ್ ಓವರ್ ಈಸಿ ಎಂಬ ಅಮೆರಿಕನ್ ತಂಡ ಕೆಂಟಿಶ್ ಟೌನಿನ ಟ್ಯಾಲಿ ಹೋ ಪಬ್ಬಿಗೆ ಹೋಗಿ, ಜಾಝ್ ನಡೆಯುತ್ತಿದ್ದ ಜಾಗದಲ್ಲಿ ತಮಗೂ ಒಂದು ರಾತ್ರಿ ಗಿಟ್ಟಿಸಿಕೊಂಡಿತು. ಅದರ ಹಿಂದೆಯೇ ಬ್ರಿನ್ಸ್ಲಿ ಶ್ವಾರ್ಜ್, ಬೀಸ್ ಮೇಕ್ ಹನಿ, ಡಕ್ಸ್ ಡಿಲಕ್ಸ್. ದೊಡ್ಡ ಸಭಾಂಗಣ, ಲಾರಿಗಟ್ಟಲೆ ಸಾಮಾನು, ಒಬ್ಬನೇ ನುಡಿಸುತ್ತ ಹೋಗುವ ಮುಗಿಯದ ಸೋಲೋ ಇವೇ ರಾಕ್ ಅನ್ನಿಸಿಕೊಂಡಿದ್ದ ದಿನಗಳಲ್ಲಿ ಈ ಪಬ್ಬುಗಳು ಹತ್ತಡಿ ಜಾಗ ಬಿಟ್ಟುಕೊಟ್ಟವು. ಫೀಲ್‌ಗುಡ್ 1972ರಲ್ಲಿ ಹೈನ್ಜ್ ಎಂಬ ಹಳೆಯ ತಾರೆಯ ಹಿಂದೆ ನಿಂತು ವೆಂಬ್ಲಿ ಸ್ಟೇಡಿಯಂನಲ್ಲಿ ನುಡಿಸಿಬಿಟ್ಟಿತ್ತು. ಆದರೂ ಅವರಿಗೆ ಹೆಸರು ಬಂದದ್ದು 1973ರ ಬೇಸಿಗೆಯ ನಂತರ ಟ್ಯಾಲಿ ಹೋ, ಲಾರ್ಡ್ ನೆಲ್ಸನ್, ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆಂಕರ್‌ನ ನೆಲಮಾಳಿಗೆ ಇಂಥ ಕಡೆ. ಸ್ಟೇಡಿಯಂ ಕೊಡದ್ದನ್ನು ನೆಲಮಾಳಿಗೆ ಕೊಟ್ಟಿತು.

ನಮಗೆ ಜಾಗ ಕೊಟ್ಟ ಪಬ್ಬಿನವರು ಮಾಡಿದ್ದೂ ಅದನ್ನೇ. ಎರಡು ಟೇಬಲ್ ಎತ್ತಿ, ಹತ್ತಡಿಗೆ ಎಂಟಡಿಯ ಮೂಲೆ ಬಿಟ್ಟರು. ನಾಲ್ಕು ಜನಕ್ಕೆ ಅಷ್ಟು ಧಾರಾಳ ಸಾಕು. ಡ್ರಮ್ಸ್ ಸರಿಯಾಗಿ ಮೂಲೆಯೊಳಕ್ಕೆ ತುರುಕಬಾರದು. ಎರಡು ಗೋಡೆ ಸೇರುವಲ್ಲಿ ತಗ್ಗು ಸ್ವರ ಕೂಡಿಕೊಂಡು, ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್ ಗುಂಯ್‌ಗುಟ್ಟುತ್ತದೆ, ಬೇಸ್ ಏನು ನುಡಿಸಿದರೂ ಒಂದೇ ಸ್ವರದಂತೆ ಕೇಳುತ್ತದೆ. ಗೋಡೆಯಿಂದ ಎರಡಡಿ ಮುಂದೆ ಎಳೆದು, ಕೆಳಗೆ ಜಮಖಾನ ಹಾಸಿ, ಹಿಂದೆ ದಪ್ಪ ಪರದೆ ಬಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಜಮಖಾನ ಕೊಟ್ಟ ಶಾಮಿಯಾನದವರಿಗೆ ವಂದನೆ. ಕಿಕ್ ಡ್ರಮ್ ಜಾರದ ಹಾಗೆ ಅದರ ಮುಂದೆ ಇಡಲು ಸೈಜುಗಲ್ಲನ್ನೂ ಅವರೇ ತಂದಿದ್ದರು. ಕೇಳಿರಲಿಲ್ಲ, ತಂದಿದ್ದರು.

ಗಿಟಾರಿನ ವಿಷಯಕ್ಕೆ ಬರೋಣ, ಹೆಚ್ಚು ಜನ ಕೇಳಿದ್ದು ಅದನ್ನೇ. ವಿಲ್ಕೋ ನುಡಿಸುತ್ತಿದ್ದದ್ದು 1962ರ ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್, ಕಪ್ಪು ಮೈ, ಕೆಂಪು ಪಿಕ್‌ಗಾರ್ಡ್. ಕೈಯಲ್ಲಿ ತಂತಿ ಮೀಟುವ ಪ್ಲಾಸ್ಟಿಕ್ ಪಿಕ್ ಇಲ್ಲ, ಬರೀ ಬೆರಳು. ಹುಟ್ಟು ಎಡಗೈಯವನು, ಆದರೆ ಗಿಟಾರ್ ಕಲಿತದ್ದು ಬಲಗೈಯವರ ಹಾಗೆ. ಬ್ಯಾಂಡಿನಲ್ಲಿ ಎರಡನೇ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ಹಾಗಾಗಿ ತಾಳದ ಕಾರ್ಡೂ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನಡುನಡುವೆ ಚುಚ್ಚುವ ಸ್ವರಗಳೂ ಒಂದೇ ಕೈಯಿಂದ ಬರಬೇಕು. ಮಾಡುವುದು ಹೀಗೆ: ಬಲಗೈ ಒಂದು ಮಾತ್ರೆಗೆ ಎರಡು ಬೀಸಿನ ಲೆಕ್ಕದಲ್ಲಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ನಿಲ್ಲುವ ಹಾಗಿಲ್ಲ. ಸದ್ದು ಬೇಕಾದಲ್ಲಿ ಎಡಗೈ ಕಾರ್ಡನ್ನು ಒತ್ತುತ್ತದೆ, ಬೇಡವಾದಲ್ಲಿ ಬೆರಳು ತಂತಿಯ ಮೇಲೇ ಇಟ್ಟುಕೊಂಡು ಹಿಡಿತ ಮಾತ್ರ ಸಡಿಲಿಸುತ್ತದೆ. ಆಗ ‘ಚಕ್’ ಅಂತ ಸತ್ತ ಸದ್ದು ಬರುತ್ತದೆ, ಅದೇ ತಾಳ. ಕಲಿಯುವವರು ತಪ್ಪುವುದು ಇಲ್ಲೇ. ಮೌನ ಬೇಕಾದಲ್ಲಿ ಬಲಗೈ ನಿಲ್ಲಿಸುತ್ತಾರೆ. ಮರುಕ್ಷಣ ಎತ್ತಿಕೊಳ್ಳುವಾಗ ಕೂದಲೆಳೆಯಷ್ಟು ತಡವಾಗಿ ಹಾಡಿನ ಓಟವೇ ಮುರಿಯುತ್ತದೆ. ತಗ್ಗು ಸ್ವರದ ತಂತಿಗೆ ಹೆಬ್ಬೆರಳು, ಎತ್ತರದ ಸ್ವರದ ಮೂರಕ್ಕೆ ಉಗುರಿನ ಬೀಸು. ಹೀಗೆ ಒಂದು ಗಂಟೆ ನುಡಿಸಿದರೆ ತೋರುಬೆರಳಿನ ಉಗುರು ಸೀಳುತ್ತದೆ, ಚರ್ಮವೂ ಕಿತ್ತುಬರುತ್ತದೆ. ವೀಣೆಯವರಿಗೆ ಉಗುರಿನ ಕಾಟ ಹೊಸದಲ್ಲ. ಬಿರುಕಿಗೆ ಟಿಷ್ಯೂ ಕಾಗದದ ಚೂರು ಇಟ್ಟು ಸೂಪರ್ ಗ್ಲೂ ಹಚ್ಚಿ, ಒಣಗಿದ ಮೇಲೆ ಉಜ್ಜಿ ನಯ ಮಾಡುವ ಉಪಾಯ ತೋರಿಸಿಕೊಟ್ಟ ವೈಣಿಕರಿಗೆ ವಿಶೇಷ ಕೃತಜ್ಞತೆ. ಗಾಯವಾದ ಚರ್ಮದ ಮೇಲೆ ಮಾತ್ರ ಅದನ್ನು ಹಚ್ಚಬೇಡಿ.

ತಂತಿ 10ರಿಂದ 46ರ ಸೆಟ್ ಸಾಕು (ಅದು ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ). 9ರ ಸೆಟ್ ಹಾಕಿದರೆ ಬೆರಳಿನ ಹೊಡೆತಕ್ಕೆ ಸ್ವರ ಮೇಲಕ್ಕೆ ಜಾರಿ, ಶ್ರುತಿ ಸರಿಯಿದ್ದರೂ ಅಪಶ್ರುತಿ ಕೇಳಿಸುತ್ತದೆ.

ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಅಂದರೆ ಆಂಪ್ ಬಗ್ಗೆ ನಮ್ಮದೊಂದು ಖಚಿತ ಅಭಿಪ್ರಾಯವಿದೆ: ಈ ಹಾಡುಗಳಿಗೆ ಹಳೆಯ ಕಾಲದ ಗಾಜಿನ ವಾಲ್ವ್ ಇರುವ ಆಂಪ್ ಹುಡುಕಿಕೊಂಡು ಅಲೆಯುವುದು ವ್ಯರ್ಥ. ವಿಲ್ಕೋ ಬಳಸಿದ್ದು ಎಚ್‌ಎಚ್ ಕಂಪನಿಯ ಟ್ರಾನ್ಸಿಸ್ಟರ್ ಆಂಪ್, ಆನ್ ಮಾಡಿದರೆ ಮುಂಭಾಗ ಹಸಿರಾಗಿ ಹೊಳೆಯುವಂಥದ್ದು. ಅದರ ಸದ್ದು ಒಣ, ಚೂಪು, ಒಡೆಯುವುದಿಲ್ಲ. ಕಾರ್ಡ್ ಕತ್ತರಿಸಿದ ಕೂಡಲೇ ಮೌನ ಬೀಳಬೇಕಲ್ಲ, ಡಿಸ್ಟಾರ್ಷನ್ (ಒಡೆದ ಸದ್ದು) ಇದ್ದರೆ ಆ ಮೌನದೊಳಕ್ಕೆ ಸದ್ದಿನ ಬಾಲ ಉಳಿದುಬಿಡುತ್ತದೆ. ನಮ್ಮ ಪ್ರಾಕ್ಟೀಸ್ ರೂಮುಗಳಲ್ಲಿ ಸುಲಭವಾಗಿ ಸಿಗುವ ರೋಲ್ಯಾಂಡ್ ಜಾಝ್ ಕೋರಸ್ ಇದಕ್ಕೆ ಹೇಳಿಮಾಡಿಸಿದ್ದು. ಕೋರಸ್ ಆಫ್, ರಿವರ್ಬ್ ಸೊನ್ನೆ, ಡಿಸ್ಟಾರ್ಷನ್ ಸೊನ್ನೆ, ಬೇಸ್ 3, ಮಿಡ್ಲ್ 7, ಟ್ರೆಬಲ್ 6, ಗಿಟಾರಿನಲ್ಲಿ ಬ್ರಿಡ್ಜ್ ಪಿಕಪ್ (ತಂತಿ ಕಟ್ಟಿದ ತುದಿಯ ಬಳಿಯ, ಸದ್ದು ಹಿಡಿಯುವ ಕಾಯಿಲ್). ಆಂಪನ್ನು ನೆಲದ ಮೇಲಿಡದೆ ಬಿಯರ್ ಕ್ರೇಟಿನ ಮೇಲೆ ಇಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ. ನೆಲದಲ್ಲಿದ್ದರೆ ನುಡಿಸುವವನ ಮೊಣಕಾಲಿಗೆ ಕೇಳುತ್ತದೆ, ಕಿವಿಗಲ್ಲ. ಅವನು ಇನ್ನೂ ಜೋರು ಮಾಡುತ್ತಾನೆ, ಮುಂದಿನ ಟೇಬಲಿನವರು ಬಿಲ್ ಕೇಳುತ್ತಾರೆ. ಆಂಪ್ ಎರವಲು ಕೊಟ್ಟವರಿಗೂ, ಅದನ್ನು ಕಿರಿದಾದ ಮೆಟ್ಟಿಲಲ್ಲಿ ಹೊತ್ತು ತಂದವರಿಗೂ ಥ್ಯಾಂಕ್ಸ್.

ಎಲ್ಲರ ಕಣ್ಣೂ ವಿಲ್ಕೋ ಮೇಲೆ. ಗುಡುಗುಡು ಅಂತ ಹಿಂದೆ ಮುಂದೆ ಓಡಾಡುವವನು, ಗಿಟಾರನ್ನು ಬಂದೂಕಿನ ಹಾಗೆ ಹಿಡಿಯುವವನು. ಆದರೆ ಆ ಕತ್ತರಿಸುವ ಗಿಟಾರಿಗೆ ಅರ್ಥ ಬರುವುದು ಹಿಂದಿನ ಇಬ್ಬರಿಂದ. ಸ್ಪಾರ್ಕ್ಸ್ ಮತ್ತು ಫಿಗರ್‌ಗೆ ನಮ್ಮ ಸಾಷ್ಟಾಂಗ. ಹನ್ನೆರಡು ಬಾರ್‌ನ ಬ್ಲೂಸ್ ಅಂದರೆ ನಾಲ್ಕು ಮಾತ್ರೆಯ ಹನ್ನೆರಡು ಖಂಡ, ಒಟ್ಟು 48 ಮಾತ್ರೆಯ ಒಂದು ಆವರ್ತ. ‘ಎ’ ಶ್ರುತಿಯಲ್ಲಾದರೆ ನಾಲ್ಕು ಬಾರ್ ಎ, ಎರಡು ಡಿ, ಎರಡು ಎ, ಒಂದು ಇ, ಒಂದು ಡಿ, ಕೊನೆಗೆ ಎರಡು ಎ. ನಿಮಿಷಕ್ಕೆ 160 ಮಾತ್ರೆಯ ಓಟದಲ್ಲಿ ಒಂದು ಆವರ್ತಕ್ಕೆ ಸರಿಯಾಗಿ 18 ಸೆಕೆಂಡ್. ಎರಡೂವರೆ ನಿಮಿಷದ ಹಾಡಿನಲ್ಲಿ ಎಂಟು ಆವರ್ತ ಮುಗಿದುಹೋಗುತ್ತದೆ, ಅಲಂಕಾರಕ್ಕೆ ಪುರುಸೊತ್ತೇ ಇಲ್ಲ. ಬೇಸ್‌ನವರು ಮೂಲಸ್ವರ ಬಿಟ್ಟು ಅಡ್ಡಾಡಿದರೆ ಗಿಟಾರ್ ನಿಂತ ಜಾಗದಲ್ಲಿ ಕೆಳಗೆ ನೆಲವಿಲ್ಲದಂತಾಗುತ್ತದೆ. ಡ್ರಮ್ಮರ್‌ಗಳು ಸೋಲೋ ಬಂದ ತಕ್ಷಣ ಓಡುತ್ತಾರೆ, ಹೈಹ್ಯಾಟ್ ಎಂಬ ಜೋಡಿ ತಾಳದಿಂದ ರೈಡ್ ಎಂಬ ದೊಡ್ಡ ತಾಳಕ್ಕೆ ಕೈ ಬದಲಿಸುವ ಹೊತ್ತಿನಲ್ಲೇ ನಾಲ್ಕೈದು ಮಾತ್ರೆ ವೇಗ ಏರಿರುತ್ತದೆ. ಮದ್ದು ಸರಳ: ಸೋಲೋ ಬಂದರೂ ಹೈಹ್ಯಾಟ್ ಬಿಡಬೇಡಿ, ಸ್ನೇರ್ ಡ್ರಮ್ಮಿನ ಹೊಡೆತ ಎರಡು ಮತ್ತು ನಾಲ್ಕನೇ ಮಾತ್ರೆಯ ಮೇಲೇ ಇರಲಿ. ನಮ್ಮ ಲಯದವರಿಬ್ಬರೂ ಇಡೀ ಸಂಜೆ ಒಂದೂ ಫಿಲ್ (ನಡುವೆ ತುರುಕುವ ಅಲಂಕಾರ) ಹೆಚ್ಚಿಗೆ ಹಾಕಲಿಲ್ಲ. ಕೈ ತುರಿಸುತ್ತಿದ್ದರೂ ಹಾಕಲಿಲ್ಲ.

ಸೌಂಡ್‌ನವರಿಗೆ ಹೇಳುವುದು ಬಹಳ ಇದೆ. 1975ರ ಜನವರಿಯಲ್ಲಿ ಬಂದ ಇವರ ಮೊದಲ ಆಲ್ಬಂ ‘ಡೌನ್ ಬೈ ದಿ ಜೆಟ್ಟಿ’. ನಿರ್ಮಾಪಕ ವಿಕ್ ಮೇಲ್. ಹೆಚ್ಚುಕಮ್ಮಿ ಎಲ್ಲ ಒಟ್ಟಿಗೆ ನುಡಿಸಿದ್ದೇ ಟೇಪಿಗೆ ಹೋಯಿತು, ಹೊರಬಂದದ್ದು ಎಡಬಲ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವ ಮಾನೋದಲ್ಲಿ. ಎಲ್ಲರೂ ಸ್ಟೀರಿಯೋ ಮಾಡುತ್ತಿದ್ದಾಗ ಇದೇನು ಹಟ ಅನ್ನಿಸಬಹುದು. ಪಬ್ಬಿನಲ್ಲಿ ಸದ್ದು ಹೊಂದಿಸುವ ಮಿಕ್ಸರ್ ಮುಂದೆ ಕೂತವರಿಗೆ ಮಾನೋದ ಬೆಲೆ ಗೊತ್ತು. ಗಿಟಾರನ್ನು ಎಡಕ್ಕೆ ಸರಿಸಿದರೆ ಬಲಗಡೆಯ ಟೇಬಲಿನವರಿಗೆ ಅರ್ಧ ಹಾಡು ಸಿಗುವುದಿಲ್ಲ. ನಮ್ಮ ಸೌಂಡ್‌ನವರು ಸದ್ದನ್ನು ಎಡಕ್ಕೆ ಬಲಕ್ಕೆ ಸರಿಸುವ ಪ್ಯಾನ್ ಗುಂಡಿ ಎಲ್ಲವನ್ನೂ ನಡುವಿಗೆ ತಂದಿಟ್ಟು ಆಮೇಲೆ ಕೆಲಸ ಶುರುಮಾಡಿದರು. ಸ್ಪೀಕರಿನಲ್ಲಿ ಬಂದದ್ದು ಹಾಡು ಮತ್ತು ಸ್ವಲ್ಪ ಕಿಕ್ ಅಷ್ಟೇ. ಅಷ್ಟು ಸಣ್ಣ ಜಾಗದಲ್ಲಿ ಸ್ನೇರ್ ಡ್ರಮ್ ತಾನಾಗಿಯೇ ಎಷ್ಟು ಕೇಳುತ್ತದೋ ಅದೇ ಅಳತೆಗೋಲು. ಉಳಿದದ್ದೆಲ್ಲ ಅದಕ್ಕೆ ಸರಿಹೊಂದಬೇಕು.

ಮೈಕ್ ಮತ್ತು ಮೌತ್ ಆರ್ಗನ್ ಸಂಬಂಧ ಕಷ್ಟದ್ದು. ಲೀ ಬ್ರಿಲೋ ಕೊಳೆಯಾದ ಬಿಳಿ ಸೂಟಿನಲ್ಲಿ, ಸಾಲ ವಸೂಲಿಗೆ ಬಂದವನ ಮುಖ ಹೊತ್ತು ಹಾಡುತ್ತಿದ್ದ. ಹಾಡಿನ ಸಾಲು ಮುಗಿದ ಕೂಡಲೇ ಆರ್ಗನ್ ಬಾಯಿಗೆ. ಹಾಗೆ ಮಾಡುವಾಗ ಎರಡೂ ಕೈಯಿಂದ ಮೈಕಿನ ತಲೆಯನ್ನು ಮುಚ್ಚಿಬಿಟ್ಟರೆ, ಮುಂದಿನ ಸದ್ದು ಮಾತ್ರ ಹಿಡಿಯಬೇಕಾದ ಮೈಕ್ ಸುತ್ತಲಿನ ಎಲ್ಲವನ್ನೂ ಹಿಡಿಯುತ್ತದೆ. ಹಾಡುವವನ ಕಡೆ ತಿರುಗಿಸಿಟ್ಟ ಮಾನಿಟರ್ ಸ್ಪೀಕರ್ ಕೂಗುತ್ತದೆ. ಕೈಗೂಡು ಕಟ್ಟಿದರೂ ಮೈಕಿನ ಹಿಂಭಾಗ ಬಿಡಬೇಕು, ಮಾನಿಟರ್ ಸರಿಯಾಗಿ ಮೈಕಿನ ಬೆನ್ನಿಗೆ ಎದುರಾಗಿರಬೇಕು, ತಗ್ಗು, ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ಯೂನಲ್ಲಿ 2ರಿಂದ 4 ಕಿಲೋಹರ್ಟ್ಜ್ ನಡುವೆ ಕೂಗುವ ಜಾಗ ಹುಡುಕಿ ನಾಲ್ಕೈದು ಡೆಸಿಬೆಲ್ ಇಳಿಸಬೇಕು. ಆರ್ಗನ್‌ನಲ್ಲಿ ಮೊದಲು ಕೈಕೊಡುವುದು ನಾಲ್ಕನೇ ತೂತಿನಲ್ಲಿ ಉಸಿರು ಒಳಗೆಳೆದಾಗ ನುಡಿಯುವ ರೀಡ್ (ಲೋಹದ ನಾಲಿಗೆ), ಉಸಿರಿನಿಂದ ಸ್ವರ ಬಗ್ಗಿಸಿ ಬಗ್ಗಿಸಿ ಶ್ರುತಿ ಇಳಿಯುತ್ತದೆ. ಉಸಿರಿನ ನೀರು ಕೂತು ರೀಡ್ ಕಚ್ಚಿಕೊಂಡರೆ ತೂತು ಕೆಳಗೆ ಮಾಡಿ ಅಂಗೈಗೆ ತಟ್ಟಿ. ತೂತುಗಳಿರುವ ನಡುಭಾಗ, ಅಂದರೆ ಬಾಚಣಿಗೆ, ಮರದ್ದಾದರೆ ನೀರಿನಲ್ಲಿ ತೊಳೆಯಬೇಡಿ, ಮರ ಊದಿ ತುಟಿ ಕೊಯ್ಯುತ್ತದೆ.

ಈ ಸಂಜೆಯ ನಿಜವಾದ ಡಾಕ್ಟರ್ ಅಂದರೆ ಎಲೆಕ್ಟ್ರಿಷಿಯನ್. ಟೆಲಿಕಾಸ್ಟರಿನ ಸಿಂಗಲ್ ಕಾಯಿಲ್ ಪಿಕಪ್ಪು ಕರೆಂಟಿನ 50 ಹರ್ಟ್ಜ್ ಗುಂಯ್‌ಗಾಟವನ್ನು ಗಾಳಿಯಲ್ಲೇ ಹಿಡಿಯುತ್ತದೆ. ಡಿಮ್ಮರ್ ಇರುವ ದೀಪ, ಬಾರ್ ಹಿಂದಿನ ಫ್ರಿಜ್, ನಿಯಾನ್ ಬೋರ್ಡು ಎಲ್ಲವೂ ಶತ್ರುಗಳೇ. ಡಿಮ್ಮರನ್ನು ಪೂರ್ತಿ ಆನ್ ಇಲ್ಲವೇ ಪೂರ್ತಿ ಆಫ್ ಮಾಡಿ, ನಡುವೆ ಬೇಡ. ಇದಕ್ಕಿಂತ ದೊಡ್ಡದು ಅರ್ಥಿಂಗ್. ಗಿಟಾರ್ ಆಂಪ್ ಒಂದು ಕಡೆಯ ಪ್ಲಗ್ಗಿನಲ್ಲಿ, ಮಿಕ್ಸರ್ ಇನ್ನೊಂದು ಕಡೆಯ ಪ್ಲಗ್ಗಿನಲ್ಲಿ ಇದ್ದು, ಒಂದರ ಅರ್ಥ್ ಸತ್ತಿದ್ದರೆ, ಗಿಟಾರಿನ ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯುತ್ತದೆ. ಇದು ಜೀವದ ಪ್ರಶ್ನೆ. ಅವರು ಮಾಡಿದ್ದು: ಎಲ್ಲ ಸಾಮಾನನ್ನೂ ಒಂದೇ ಸರ್ಕ್ಯೂಟಿಗೆ ತಂದರು, ಮೂರು ಪಿನ್ನನ್ನು ಎರಡಾಗಿಸುವ ಕನ್ವರ್ಟರುಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡರು, ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ ಹಿಡಿದು ಎಸಿ ವೋಲ್ಟ್ ನೋಡಿದರು. ಒಂದು ವೋಲ್ಟಿನೊಳಗೆ ಬಂದರೆ ಹಾಡಬಹುದು. ಹತ್ತಾರು ವೋಲ್ಟ್ ತೋರಿಸಿದರೆ ಎಲ್ಲೋ ಅರ್ಥ್ ತಪ್ಪಿದೆ, ಸಿಗುವವರೆಗೆ ಯಾರೂ ಏನನ್ನೂ ಮುಟ್ಟಬಾರದು. ಕರೆಂಟ್ ಹೋಗಿ ಜನರೇಟರ್ ಹತ್ತುವ ಎರಡು ಸೆಕೆಂಡಿನಲ್ಲಿ ಡಿಜಿಟಲ್ ಮಿಕ್ಸರ್ ಆಫ್ ಆದರೆ ಮತ್ತೆ ಏಳಲು ಒಂದು ನಿಮಿಷವಾದರೂ ಹಿಡಿಯುತ್ತದೆ. ಅದಕ್ಕೆ ಕಂಪ್ಯೂಟರಿನ ಚಿಕ್ಕ ಯುಪಿಎಸ್ ಸಾಕು. ಸ್ಪೀಕರನ್ನು ಅದಕ್ಕೆ ಸಿಕ್ಕಿಸಬೇಡಿ, ತಡೆಯುವುದಿಲ್ಲ.

ಕಾಗದಪತ್ರ ಓಡಾಡಿ ಮಾಡಿಸಿದ ಮ್ಯಾನೇಜರ್ ಸಾಹೇಬರಿಗೆ ಕೈ ಮುಗಿಯುತ್ತೇವೆ. ನಮ್ಮಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ 2005ರ ಆದೇಶದ ಪ್ರಕಾರ ಪರವಾನಗಿ ಬೇಕು, ಬೇರೆಯವರ ರಚನೆ ಹಾಡುವುದಕ್ಕೆ ಹಾಡು ಬರೆದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸೆನ್ಸ್ ಬೇಕು. ಶಬ್ದದ ನಿಯಮದಲ್ಲಿ ವಾಣಿಜ್ಯ ಪ್ರದೇಶಕ್ಕೆ ಹಗಲಿಗೆ 65, ರಾತ್ರಿ 10ರ ನಂತರ 55 ಡೆಸಿಬೆಲ್. ಕೊನೆಯ ಹಾಡು 9:45ಕ್ಕೆ ಮುಗಿಯುವ ಹಾಗೆ ಪಟ್ಟಿ ಮಾಡಿಕೊಂಡರೆ ಯಾರ ಬಾಯಿಗೂ ಬೀಳುವುದಿಲ್ಲ. ಈ ಹಾಡುಗಳೆಲ್ಲ ಚಿಕ್ಕವು, ಹಾಗಾಗಿ ಸಮಯಕ್ಕೆ ಸರಿಯಾಗಿ ಮುಗಿಸುವುದು ಸುಲಭ.

‘ಸ್ಟುಪಿಡಿಟಿ’ ಲೈವ್ ಆಲ್ಬಂ. ಒಂದು ಮಗ್ಗುಲು ಶೆಫೀಲ್ಡ್ ಸಿಟಿ ಹಾಲಿನದ್ದು, ಇನ್ನೊಂದು ಸೌತೆಂಡಿನ ಕುರ್ಸಾಲ್‌ನದ್ದು, ಎರಡೂ 1975ರಲ್ಲಿ ನುಡಿಸಿದ್ದು. 1976ರ ಅಕ್ಟೋಬರಿನಲ್ಲಿ ಬ್ರಿಟನ್ ಪಟ್ಟಿಯಲ್ಲಿ ಒಂದು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದೇ ವರ್ಷ ಡೇವ್ ರಾಬಿನ್ಸನ್ ಮತ್ತು ಜೇಕ್ ರಿವೇರಾ ಸ್ಟಿಫ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ಶುರುಮಾಡಿದ್ದು ಲೀ ಬ್ರಿಲೋ ಕೊಟ್ಟ 400 ಪೌಂಡ್ ಕೈಸಾಲದಿಂದ. ಸಾಲ ವಸೂಲಿಯ ಮುಖದವನು ಸಾಲ ಕೊಟ್ಟದ್ದೂ ಹೀಗೆ. 1977ರಲ್ಲಿ ನಾಲ್ಕನೇ ಆಲ್ಬಂ ಮಾಡುವಾಗ ಯಾವ ಹಾಡು ಇರಬೇಕು ಎಂಬ ಜಗಳದಲ್ಲಿ ವಿಲ್ಕೋ ಹೊರಬಿದ್ದ. ಅಲ್ಲಿಗೆ ಕಥೆ ಮುಗಿಯಿತು ಅನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಗಿಟಾರಿಗೆ ಜಿಪಿ ಮೇಯೊ ಬಂದ ಮೇಲೆ 1979ರಲ್ಲಿ ‘ಮಿಲ್ಕ್ ಅಂಡ್ ಆಲ್ಕೋಹಾಲ್’ ಒಂಬತ್ತನೇ ಸ್ಥಾನಕ್ಕೆ ಹೋಯಿತು, ಸಿಂಗಲ್ ಪಟ್ಟಿಯಲ್ಲಿ ಅಷ್ಟು ಮೇಲೆ ಅವರು ಹಿಂದೆ ಹೋಗಿರಲಿಲ್ಲ. ಮೇಯೊ ಕಾಲದ ಹಾಡು ನುಡಿಸುವಾಗ ಮೇಲೆ ಹೇಳಿದ ಆಂಪ್ ಸೆಟ್ಟಿಂಗ್ ನಡೆಯದು. ಸ್ವರ ಸ್ವಲ್ಪ ಎಳೆಯಬೇಕು, ಬೇಸ್ 5ಕ್ಕೆ ಏರಿಸಿ, ಒಂದು ಚಿಟಿಕೆ ಓವರ್‌ಡ್ರೈವ್ ಸೇರಿಸಿ.

ಲೀ ಬ್ರಿಲೋ ಕ್ಯಾನ್ಸರ್ ಬಂದ ಮೇಲೂ 1994ರ ಜನವರಿಯಲ್ಲಿ ತನ್ನ ಊರಾದ ಕ್ಯಾನ್ವಿಯಲ್ಲೇ ಕೊನೆಯದಾಗಿ ಹಾಡಿ, ಏಪ್ರಿಲ್ 7ಕ್ಕೆ ತೀರಿಕೊಂಡ. ವಯಸ್ಸು 41. ವಿಲ್ಕೋಗೆ 2013ರಲ್ಲಿ ಮೇದೋಜ್ಜೀರಕದ ಕ್ಯಾನ್ಸರ್, ಇನ್ನು ಉಳಿಯುವುದಿಲ್ಲ ಅಂದಿದ್ದರು. ಕೀಮೋ ಬೇಡವೆಂದು ವಿದಾಯದ ಪ್ರವಾಸ ಹೊರಟ, ‘ದಿ ಹೂ’ ಬ್ಯಾಂಡಿನ ಗಾಯಕ ರಾಜರ್ ಡಾಲ್ಟ್ರಿ ಜತೆ ಆಲ್ಬಂ ಮಾಡಿದ. 2014ರಲ್ಲಿ ಕೇಂಬ್ರಿಜ್‌ನ ಆಡನ್‌ಬ್ರೂಕ್ಸ್ ಆಸ್ಪತ್ರೆಯ ವೈದ್ಯರು ಸುಮಾರು ಮೂರು ಕೆಜಿ ತೂಕದ ಗೆಡ್ಡೆ ತೆಗೆದು ಬದುಕಿಸಿದರು. 2022ರ ನವೆಂಬರ್ 21ರವರೆಗೆ ಇದ್ದ. ಆ ವೈದ್ಯರಿಗೂ ಇಲ್ಲಿಂದ ಒಂದು ನಮಸ್ಕಾರ.

ಕೊನೆಯದಾಗಿ, ಯಾವ ಹಾಡಿಗೆ ಯಾವ ಮೌತ್ ಆರ್ಗನ್ ಅಂತ ಕೇಳಿದವರಿಗೆ. ಹತ್ತು ತೂತಿನದ್ದು ತೆಗೆದುಕೊಳ್ಳಿ, ನಮ್ಮಲ್ಲಿ ಆಟಿಕೆ ಅಂಗಡಿಯಲ್ಲಿ ಸಿಗುವ ಎರಡು ಸಾಲು ತೂತಿನ ಟ್ರೆಮೊಲೊ ಬೇಡ, ಅದರಲ್ಲಿ ಸ್ವರ ಬಗ್ಗುವುದಿಲ್ಲ. ಹಾಡಿನ ಶ್ರುತಿ ಎ ಆದರೆ ಡಿ ಆರ್ಗನ್, ಇ ಆದರೆ ಎ, ಜಿ ಆದರೆ ಸಿ, ಡಿ ಆದರೆ ಜಿ, ಸಿ ಆದರೆ ಎಫ್. ಶುರುವಿಗೆ ಡಿ ಮತ್ತು ಎ ಎರಡೇ ಸಾಕು, ಈ ಹಾಡುಗಳಲ್ಲಿ ಬಹುಪಾಲು ಅಷ್ಟರಲ್ಲೇ ನಡೆಯುತ್ತವೆ. ಅವತ್ತು ಡಿ ಆರ್ಗನ್ ನಡುವೆ ಕೈಕೊಟ್ಟಾಗ ಎದುರಿನ ಟೇಬಲಿನಿಂದ ಎದ್ದು ಬಂದು ತಮ್ಮದನ್ನು ಕೊಟ್ಟವರಿದ್ದಾರಲ್ಲ, ಅದು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ ಪಬ್ಬಿನ ಕೌಂಟರಿನಲ್ಲೇ ಇದೆ. ದಯವಿಟ್ಟು ಬಂದು ತೆಗೆದುಕೊಂಡು ಹೋಗಿ.